ಮುನಿಯಕ್ಕನ ಬರಿಗೈ

ಸ್ಟೋರಿನ ಬಾಗಿಲಲ್ಲಿ ಮುನಿಯಕ್ಕ ನಿಂತಳೆಂದರೆ ನೊಣ ಕೂಡ ಅಪ್ಪಣೆ ಕೇಳಿಯೇ ಒಳಗೆ ಹೋಗಬೇಕು. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲವೇನೋ. ಯಾರು ಯಾವ ಬೋರ್ಡಿನ ಹತ್ತಿರ ಬೆರಳು ಚಾಚಿದರೂ "ಮುಟ್ಬೇಡ!" ಎಂದು ಮುಖ ಕೆಂಡ ಮಾಡಿಕೊಳ್ಳುತ್ತಿದ್ದಳು. ಕೆಳಗಿನ ಶೆಡ್ಡಿನ ಫಿಟ್ಟರುಗಳು ಅವಳಿಗೆ ಮುಟ್ಟಿದರೆ ಮುನಿ ಅಂತ ಗಿಡದ ಹೆಸರಿಟ್ಟರು. ಎದುರಿಗೆ ಅಷ್ಟುದ್ದ ಕರೆಯಲು ಧೈರ್ಯ ಸಾಲದೆ ಮುನಿಯಕ್ಕ ಅಂದರು. ಅವಳಿಗೂ ಅದು ಒಗ್ಗಿತು. ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ.

ಅದು ಲಿಫ್ಟ್ ರಿಪೇರಿಯ ಕಂಪನಿ. ಒಡೆಯರು ಅವಳ ಭಾವ, ತೀರಿಹೋದ ಅಕ್ಕನ ಗಂಡ. ಹಗ್ಗ, ಚಕ್ರ, ಗ್ರೀಸಿನ ಡಬ್ಬ ಎಲ್ಲ ಕೆಳಗಿನ ಶೆಡ್ಡಿನಲ್ಲಿ ಹೇಗೆ ಬೇಕೋ ಹಾಗೆ ಬಿದ್ದಿರುತ್ತಿದ್ದವು. ಅವುಗಳ ಗೊಡವೆ ಮುನಿಯಕ್ಕನಿಗಿಲ್ಲ. ಮಹಡಿಯ ಕೋಣೆ ಮಾತ್ರ ಅವಳ ರಾಜ್ಯ. ಅಲ್ಲಿದ್ದದ್ದು ಲಿಫ್ಟಿನ ಮಿದುಳು. ಅಂಗೈಯಗಲದ್ದು, ತಟ್ಟೆಯಗಲದ್ದು, ಹಸಿರು ಬೋರ್ಡುಗಳು. ಒಂದೊಂದಕ್ಕೂ ಬೆಳ್ಳಿ ಬಣ್ಣದ ಚೀಲ, ಚೀಲದ ಬಾಯಿಗೆ ಸೀಲು, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ನಿಲ್ಲಿಸಿಟ್ಟ ಸಾಲು. ಒಂದರ ಮೇಲೊಂದು ಪೇರಿಸಿದವನ ಗತಿ ಮುಗಿಯಿತು. ಚೀಲದಿಂದ ತೆಗೆದ ಬೋರ್ಡನ್ನು ಮತ್ತೆ ಅದೇ ಚೀಲದ ಮೇಲೆ ಇಟ್ಟವನ ಗತಿ ಕೇಳಲೇಬೇಡಿ.

ಹೊಸಬರು ಬಂದಾಗಲೆಲ್ಲ ಅವಳದೊಂದು ಪಾಠ ಇರುತ್ತಿತ್ತು. "ಒಣ ಗಾಳಿಯಲ್ಲಿ ಬಾಗಿಲಿನ ಹಿಡಿ ಮುಟ್ಟಿದ್ರೆ ಬೆರಳಿಗೆ ಚಟ್ ಅನ್ನುತ್ತಲ್ಲ, ಅದು ನಿಮ್ಮ ಮೈಮೇಲೆ ಕೂಡಿಕೊಂಡಿರೋ ಕರೆಂಟು. ಓಡಾಡಿದ್ರೆ ಸಾಕು, ಕೂಡಿಕೊಳ್ಳುತ್ತೆ. ನಮಗೆ ಗೊತ್ತೇ ಆಗದಷ್ಟು ಸಣ್ಣ ಚಟ್ಟಿಗೂ ಬೋರ್ಡಿನ ಒಳಗೆ ಸುಡುತ್ತೆ. ಸತ್ತ ಬೋರ್ಡಿನ ಭಯ ನಂಗಿಲ್ಲ, ಸತ್ತದ್ದು ಸತ್ತಿದೀನಿ ಅಂತ ಹೇಳುತ್ತೆ. ಗಾಯ ಆಗಿ ಬದುಕಿರೋದಿದೆ ನೋಡಿ, ಅದು ಟೆಸ್ಟಲ್ಲಿ ಪಾಸಾಗುತ್ತೆ, ಚೆನ್ನಾಗೇ ಕೆಲಸ ಮಾಡುತ್ತೆ, ಆಮೇಲೊಂದು ದಿನ ನಡುನೀರಲ್ಲಿ ಕೈ ಬಿಡುತ್ತೆ."

ಅದಕ್ಕೇ ಮಣಿಕಟ್ಟಿಗೊಂದು ಪಟ್ಟಿ. ಪಟ್ಟಿಯಿಂದ ಸುರುಳಿ ವೈರು, ವೈರಿನ ತುದಿ ಮೇಜಿನ ಅರ್ಥಿಂಗಿಗೆ. ಮೈಮೇಲಿನ ಕರೆಂಟು ಸದ್ದಿಲ್ಲದೆ ನೆಲಕ್ಕಿಳಿದು ಹೋಗುತ್ತದೆ. ಬಾಗಿಲ ಪಕ್ಕದಲ್ಲೊಂದು ಸಣ್ಣ ಪೆಟ್ಟಿಗೆ. ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡು ಅದರ ಗುಂಡಿ ಒತ್ತಬೇಕು. ಹಸಿರು ದೀಪ ಬಂದರೆ ಒಳಗೆ; ಕೆಂಪು ಬಂದರೆ ಹೊರಗೆ. ಹೋದ ವರ್ಷ ಟೆಸ್ಟಿಂಗ್ ಮೇಜಿನವನು ಅವಸರದಲ್ಲಿ ಪಟ್ಟಿ ಕಟ್ಟದೆ ಒಂದು ಬೋರ್ಡನ್ನು ಅಂಚು ಹಿಡಿಯುವ ಬದಲು ನಡುಮಧ್ಯಕ್ಕೇ ಕೈ ಹಾಕಿ ಎತ್ತಿದ್ದ. "ಪಾಸಾಗಿದೆ ಅಕ್ಕ, ನೋಡಿ, ಎಲ್ಲ ಸರಿ ಇದೆ" ಎಂದು ಎಷ್ಟು ಗೋಗರೆದರೂ ಮುನಿಯಕ್ಕ ಬಿಡಲಿಲ್ಲ. ಬೋರ್ಡು ಗುಜರಿ ಡಬ್ಬಿಗೆ ಹೋಯಿತು. ಅವನು ವಾರವಿಡೀ ಅವಳ ಮುಖ ನೋಡಲಿಲ್ಲ.

ಇಂಥ ಮುನಿಯಕ್ಕ! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ಚಳಿ ಮುಗಿಯುವ ಹೊತ್ತು. ಗಾಳಿ ಒಣಗಿ ತುಟಿ ಒಡೆಯುತ್ತಿತ್ತು, ಕೂದಲು ಬಾಚಣಿಗೆಯ ಹಿಂದೆಯೇ ಎದ್ದು ಬರುತ್ತಿತ್ತು. ಬೆಳಿಗ್ಗೆ ಎಲ್ಲರೂ ಸಾಲಾಗಿ ಗುಂಡಿ ಒತ್ತಿ ಒಳಗೆ ಹೋಗುತ್ತಿದ್ದರು, ಮುನಿಯಕ್ಕ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದಳು. ಪ್ಯಾಕಿಂಗಿಗೆ ಹೊಸದಾಗಿ ಸೇರಿದ್ದವಳೊಬ್ಬಳು ಮಹಾ ಬಾಯಾಳಿ. ಹಸಿರು ದೀಪ ನೋಡಿಕೊಂಡು ತಿರುಗಿದವಳು, "ಅಕ್ಕಾ, ನಾವು ಒತ್ತೋದನ್ನ ನೀವು ನೋಡ್ತೀರ. ನೀವು ಒತ್ತೋದನ್ನ ಯಾರು ನೋಡೋದು?" ಅಂದುಬಿಟ್ಟಳು.

ಎಲ್ಲರೂ ಕಿಸಕ್ಕೆಂದರು. ಮುನಿಯಕ್ಕನೂ ನಕ್ಕಳು. "ನೋಡೇ ತಾಯಿ, ಕಣ್ತುಂಬ ನೋಡು" ಎಂದು ತನ್ನ ಪಟ್ಟಿಯ ವೈರು ಸಿಕ್ಕಿಸಿ ಗುಂಡಿ ಒತ್ತಿದಳು.

ಕೆಂಪು ದೀಪ. ಕೀಂ ಎಂದು ಸದ್ದು.

"ಚಳಿಗೆ ಚರ್ಮ ಒಣಗಿದೆ" ಎಂದು ಮಣಿಕಟ್ಟಿಗೆ ಒಂಚೂರು ನೀರು ಸವರಿ ಮತ್ತೆ ಒತ್ತಿದಳು. ಕೆಂಪು. "ಈ ಪೆಟ್ಟಿಗೆಗೂ ವಯಸ್ಸಾಯ್ತು" ಎಂದಳು, ನಗು ಇನ್ನೂ ಮುಖದ ಮೇಲೆಯೇ ಇತ್ತು. ಡ್ರಾಯರಿನಿಂದ ಹೊಸ ಪಟ್ಟಿ ತೆಗೆದು ಕಟ್ಟಿ ಒತ್ತಿದಳು. ಹಸಿರು. "ಆಯ್ತಲ್ಲ, ನಡೀರಿ ಕೆಲಸಕ್ಕೆ" ಎಂದು ಎಲ್ಲರನ್ನೂ ಅಟ್ಟಿದಳು. ಹಳೆ ಪಟ್ಟಿಯನ್ನು ಮಡಿಸಿ ತನ್ನ ಕೈಚೀಲದೊಳಗೆ ತುರುಕಿದಳು.

ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಅದನ್ನು ತೆಗೆದು ನೋಡಿದಳು. ವೈರಿನ ಹೊರಗಿನ ರಬ್ಬರು ನೆಟ್ಟಗೇ ಇತ್ತು. ಅದು ಪಟ್ಟಿಗೆ ಸೇರುವ ಬುಡದಲ್ಲಿ ಹಿಡಿದು ಬಗ್ಗಿಸಿದರೆ ಒಳಗೆ ತಂತಿ ತುಂಡಾದದ್ದು ಬೆರಳಿಗೇ ತಿಳಿಯಿತು. ಎಂದಿನಿಂದ ಹೀಗೆ? ತಾನು ಕೊನೆಯದಾಗಿ ಗುಂಡಿ ಒತ್ತಿದ್ದು ಯಾವಾಗ? ಎಲ್ಲರೂ ಒತ್ತುವುದನ್ನು ಕಾಯುತ್ತ ನಿಲ್ಲುವಷ್ಟರಲ್ಲಿ ಫೋನು ಬರುತ್ತಿತ್ತು, ಇಲ್ಲವೇ ಭಾವ ಕೂಗುತ್ತಿದ್ದರು. ಹೇಗೂ ನನ್ನದು ಸರಿಯಾಗೇ ಇರುತ್ತೆ ಅಂತ ಒಂದು ದಿನ ಬಿಟ್ಟದ್ದು, ಮರುದಿನವೂ ಬಿಟ್ಟದ್ದು. ಗಾಳಿ ಒಣಗುವ ಮೊದಲೇ ಬಿಟ್ಟದ್ದು.

ಸೀಲು ಒಡೆಯದ ಚೀಲ ಎತ್ತಿಟ್ಟರೆ ಏನೂ ಆಗುವುದಿಲ್ಲ. ಅಷ್ಟು ದಿನಗಳಲ್ಲಿ ಅವಳು ಚೀಲ ಬಿಚ್ಚಿ ಕೈಗೆ ತೆಗೆದುಕೊಂಡದ್ದು ಒಂದೇ ಬೋರ್ಡು. ಅದರ ಹಿಂಬದಿಯ ನಂಬರು ಓದಬೇಕಿತ್ತು. ಎತ್ತುವಾಗ ಬೆರಳ ತುದಿಗೆ ಸಣ್ಣಗೆ ಏನೋ ಚುಚ್ಚಿತ್ತು. ಬೆಸುಗೆಯ ಮೊನೆ ಇರಬೇಕು ಅಂದುಕೊಂಡಿದ್ದಳು. ಈಗ ಆ ಬೆರಳನ್ನು ತಿರುಗಿಸಿ ನೋಡಿಕೊಂಡಳು. ಬೆಸುಗೆಯ ಮೊನೆ ಯಾವುದು, ಚಟ್ಟು ಯಾವುದು ಅಂತ ಇಡೀ ಕಂಪನಿಗೆ ಪಾಠ ಹೇಳಿದವಳು ಅವಳೇ.

ಆ ಬೋರ್ಡು ಟೆಸ್ಟಿನಲ್ಲಿ ಪಾಸಾಗಿ, ವಾರದಿಂದ ಒಂದು ಲಿಫ್ಟಿನಲ್ಲಿ ಕೂತು ಕೆಲಸ ಮಾಡುತ್ತಿತ್ತು. ಯಾವ ಲಿಫ್ಟು ಅಂತೀರಿ? ಅವಳ ಮಗಳ ಬಿಲ್ಡಿಂಗಿನದು. ಮಗಳು ಎಂಟನೇ ಮಹಡಿಯಲ್ಲಿದ್ದಳು, ತುಂಬು ಬಸುರಿ. ಅಳಿಯ ರೈಲ್ವೆ ಗಾರ್ಡು, ಮನೆಯಲ್ಲಿ ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಹಳೆ ಬೋರ್ಡು ಕೆಟ್ಟು ಲಿಫ್ಟು ನಿಂತಾಗ, "ಭಾವಾ, ಬೇರೆಯವರದ್ದು ಆಮೇಲೆ, ಮೊದಲು ನನ್ನ ಮಗಳ ಬಿಲ್ಡಿಂಗು" ಎಂದು ದುಂಬಾಲು ಬಿದ್ದು, ತಾನೇ ಚೀಲ ಬಿಚ್ಚಿ, ತಾನೇ ನಂಬರು ನೋಡಿ ಕಳಿಸಿದ್ದಳು.

ಲಿಫ್ಟು ಕೆಳಗೆ ಬೀಳುವುದಿಲ್ಲ, ಬೀಳದಂತೆ ಹಿಡಿಯುವ ಬ್ರೇಕು ಬೇರೆಯೇ ಇದೆ. ಆದರೆ ಎರಡು ಮಹಡಿಗಳ ನಡುವೆ ನಿಂತುಬಿಡಬಹುದು. ನಿಂತರೆ ಬಾಗಿಲೂ ತೆರೆಯದು. ಫಿಟ್ಟರು ಬಂದು ಮೇಲಿಂದ ಕೈಯಾರೆ ಇಳಿಸುವ ತನಕ ಒಳಗಿದ್ದವರ ಪಾಡು ಅಷ್ಟೇ. ನೋವು ಬಂದ ಬಸುರಿ ಆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡರೆ? ಮುನಿಯಕ್ಕ ಮುಂದಕ್ಕೆ ಯೋಚಿಸಲಿಲ್ಲ. ಭಾವನ ಬಳಿ ಹೋಗಿ, "ಮಗಳ ದಿನ ಹತ್ರ ಬಂತು, ನಾಲ್ಕು ದಿನ ರಜ ಕೊಡಿ" ಅಂದಳು. ಕೈಚೀಲದಲ್ಲಿದ್ದ ಪಟ್ಟಿಯನ್ನು ಹೊರಗೆ ತೆಗೆಯಲಿಲ್ಲ. ಭಾವ ಕತ್ತು ಎತ್ತದೆ, "ಹೋಗಮ್ಮ, ಮೊಮ್ಮಗೂನಾದ್ರೂ ಮುಟ್ಟೋಕೆ ಬಿಡು ಎಲ್ಲರಿಗೂ" ಎಂದು ನಕ್ಕರು.

ಎಂಟು ಮಹಡಿಯನ್ನೂ ಅವಳು ಕಾಲ್ನಡಿಗೆಯಲ್ಲೇ ಹತ್ತಿದಳು. ಬಾಗಿಲು ತೆರೆದ ಮಗಳು ಬೆಚ್ಚಿದಳು. "ಇದೇನಮ್ಮ, ಮುಖ ಹೀಗಾಗಿದೆ? ಲಿಫ್ಟ್ ಇಲ್ವಾ?"

"ಇದೆ. ಮೆಟ್ಟಿಲು ಒಳ್ಳೇದು. ನೀನೂ ಇನ್ಮೇಲೆ ಮೆಟ್ಟಿಲಲ್ಲೇ ಓಡಾಡು. ಹೆರಿಗೆ ಸುಲಭ ಆಗುತ್ತೆ."

"ಡಾಕ್ಟ್ರು ಎಂಟು ಮಹಡಿ ಹತ್ತು ಅಂದಿಲ್ಲ."

"ಡಾಕ್ಟ್ರು ಹೆತ್ತಿದ್ದಾರಾ? ಹತ್ತೋದು ಬೇಡ, ಇಳಿಯೋದೂ ಬೇಡ, ಮನೇಲೇ ಇರು. ಲಿಫ್ಟ್ ಮಾತ್ರ ಬೇಡ. ಆ ಜರ್ಕು ಹೊಟ್ಟೆಗಾಗಲ್ಲ."

ಮಗಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ಮಕ್ಕಳ ಸುಳ್ಳು ಕೇಳಿ ಕೇಳಿ ಪಳಗಿದವಳು. ತಾಯಿಯನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಒಳಗೆ ಕರೆದಳು.

ಮನೆಯ ಗೋಡೆಗೆ ಅಂಟಿಕೊಂಡೇ ಲಿಫ್ಟಿನ ಗೂಡು. ಗುಂಯ್ ಎಂದು ಏರುವ ಸದ್ದು, ನಿಂತಾಗ ಟಿಣ್, ಬಾಗಿಲು ಸರಿಯುವ ಜರ್ರು. ಮುನಿಯಕ್ಕ ಕುಂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಪಾತ್ರೆ ತೊಳೆಯುವಾಗ ಗುಂಯ್ ಕೇಳಿದರೆ ನಲ್ಲಿ ನಿಲ್ಲಿಸಿ ಕಿವಿಗೊಡುವಳು. ಟಿಣ್ ಅಂದಮೇಲೆ ಉಸಿರು ಬಿಟ್ಟು ಮತ್ತೆ ನಲ್ಲಿ ತಿರುಗಿಸುವಳು. ಈಗ ಹತ್ತಿದ್ದು ಯಾರು? ಎದುರು ಮನೆಯ ಅವಳಿ ಮಕ್ಕಳು ಶಾಲೆಯಿಂದ ಬಂದರೇನೋ. ಮೂರನೇ ಮಹಡಿಯ ತಾತ ವಾಕರ್ ಊರಿಕೊಂಡು ಇಳಿದರೇನೋ. ಪಾಸಾಗಿದೆ, ವಾರದಿಂದ ಓಡುತ್ತಿದೆ, ಇನ್ನೇನು ಆಗುತ್ತೆ ಅಂತ ಒಂದು ಮನಸ್ಸು. ಪಾಸಾಗಿದೆ ಅಂತ ಟೆಸ್ಟಿಂಗಿನವನು ಗೋಗರೆದಾಗ ನೀನು ಏನಂದೆ ಅಂತ ಇನ್ನೊಂದು ಮನಸ್ಸು. ಹೇಳಿದರೆ? ಕಂಪನಿಯಲ್ಲಿ ತಲೆ ಎತ್ತಿಕೊಂಡು ತಿರುಗುವ ಹಾಗಿಲ್ಲ. ಆ ಬಾಯಾಳಿ ಪ್ಯಾಕಿಂಗಿನವಳು ನಾಳೆಯಿಂದ ಬಾಗಿಲಲ್ಲಿ ನಿಂತು ತನ್ನ ಕೈ ನೋಡುತ್ತಾಳೆ.

ರಾತ್ರಿಯಿಡೀ ಹೊರಳಾಡಿ, ಬೆಳಗಾದಮೇಲೆ ಮುನಿಯಕ್ಕ ಒಂದು ಉಪಾಯ ಕಂಡುಕೊಂಡಳು. ಉಪಾಯವೋ ಹುಚ್ಚೋ ನೀವೇ ಹೇಳಿ. ಕೈಚೀಲದಲ್ಲಿ ನೀರಿನ ಬಾಟಲಿ, ಟಾರ್ಚು, ಭಾವನ ನಂಬರಿರುವ ಫೋನು ಇಟ್ಟುಕೊಂಡು, "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಮಗಳಿಗೆ ಹೇಳಿ, ಹೋಗಿ ಲಿಫ್ಟಿನೊಳಗೆ ನಿಂತುಕೊಂಡಳು. ಯಾರು ಹತ್ತಿದರೂ ಅವರ ಜೊತೆ ಅವಳೂ ಇರುತ್ತಾಳೆ. ನಿಂತುಹೋದರೆ ಸಮಾಧಾನ ಹೇಳುತ್ತಾಳೆ, ನೀರು ಕೊಡುತ್ತಾಳೆ, ಫೋನು ಮಾಡುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳಿಗಳ ಜೊತೆ ಕೆಳಗಿಳಿದಳು. ನೀರಿನ ಕ್ಯಾನಿನವನ ಜೊತೆ ಮೇಲೆ ಬಂದಳು. ಏಳನೇ ಮಹಡಿಯ ವಕೀಲರ ಜೊತೆ ಮತ್ತೆ ಕೆಳಗಿಳಿದಳು. ಲಿಫ್ಟು ಒಂಚೂರು ಕುಲುಕಿದರೂ ಬಾಟಲಿಯ ಮುಚ್ಚಳದ ಮೇಲೆ ಅವಳ ಕೈ ಬಿಗಿಯುತ್ತಿತ್ತು.

"ಏನಮ್ಮಾ, ಲಿಫ್ಟಲ್ಲೇ ಮನೆ ಮಾಡ್ಕೊಂಡ್ರಾ?" ಎಂದ ವಾಚ್‌ಮನ್. "ಬೋರ್ಡು ಹೇಗಿದೆ ಅಂತ ನೋಡ್ತಿದೀನಿ" ಎಂದಳು. ಸುಳ್ಳಲ್ಲವಲ್ಲ!

ಮೂರನೇ ಮಹಡಿಯಲ್ಲಿ ತಾತ ವಾಕರನ್ನು ಮೊದಲು ಒಳಗೆ ನೂಕಿ, ಆಮೇಲೆ ತಾವು ಬಂದರು. ಬಾಗಿಲು ಮುಚ್ಚುವಾಗ ಕಣ್ಣು ಮುಚ್ಚಿಕೊಂಡರು. "ನಂಗೆ ಈ ಪೆಟ್ಟಿಗೆ ಅಂದ್ರೆ ಮೊದಲಿಂದಲೂ ಭಯಾನಮ್ಮ. ಈ ಸಲದ ಬೋರ್ಡು ನಿನ್ನ ಕೈಯಿಂದಲೇ ಬಂದದ್ದಂತೆ, ವಾಚ್‌ಮನ್ ಹೇಳ್ದ. ನೀನು ಬಲು ಗಟ್ಟಿ ಹೆಂಗಸಂತೆ, ಗಾಳಿಗೂ ಮುಟ್ಟೋಕೆ ಬಿಡಲ್ಲವಂತೆ. ಹಾಗಾಗಿ ಈಗ ಧೈರ್ಯ" ಎಂದರು.

ಮುನಿಯಕ್ಕನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ತಾತನನ್ನು ಕೆಳಗಿಳಿಸಿ, ಖಾಲಿ ಲಿಫ್ಟಿನಲ್ಲಿ ಎಂಟನೇ ಮಹಡಿಯ ಗುಂಡಿ ಒತ್ತಿದಳು. ಬಾಗಿಲು ಸರಿದಾಗ ಎದುರಿಗೆ ಮಗಳು, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದಳು. ಪಕ್ಕದಲ್ಲಿ ಎದುರು ಮನೆಯ ಅವಳಿಗಳ ತಾಯಿ, ಚಾಡಿ ಹೇಳಿ ಮುಗಿಸಿದ ಮುಖದಲ್ಲಿ.

"ಬೆಳಿಗ್ಗೆಯಿಂದ ಇದರಲ್ಲಿ ಮೇಲೆ ಕೆಳಗೆ ಹೋಗ್ತಿದೀಯಂತೆ. ನಂಗೆ ಆಗದ ಜರ್ಕು ನಿಂಗೆ ಆಗುತ್ತಾ?" ಎಂದಳು ಮಗಳು.

ಒಳಗೆ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ, ಮುನಿಯಕ್ಕ ಎಲ್ಲ ಹೇಳಿದಳು. ಹಳೆ ಪಟ್ಟಿಯನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಮಗಳು ಅದನ್ನು ಬಗ್ಗಿಸಿ ನೋಡಿದಳು.

"ಅಂದ್ರೆ, ನಂಗೆ ಮಾತ್ರ ಲಿಫ್ಟ್ ಬೇಡ ಅಂದೆ."

"ನಿನ್ನ ಸ್ಥಿತಿ..."

"ಎದುರು ಮನೆಯವರಿಗೆ ಹೇಳಿದ್ಯಾ?"

"ಇಲ್ಲ."

"ಆ ಮಕ್ಕಳು ಅದರಲ್ಲೇ ಹೋದ್ರಲ್ಲ ಶಾಲೆಗೆ. ನನ್ನ ಹೊಟ್ಟೇಲಿರೋದು ಮಗು, ಅವರ ಮನೇಲಿರೋದೇನು ಕಲ್ಲಾ?"

ಮುನಿಯಕ್ಕನಿಗೆ ಅಳು ಬಂತು. ಅಳಲು ನಾಚಿಕೆಯೂ ಆಯಿತು. ಫೋನು ತೆಗೆದಳು.

ಭಾವ ಪೂರ್ತಿ ಕೇಳಿಸಿಕೊಂಡು ಒಮ್ಮೆ ಕೆಮ್ಮಿದರು. "ಪಾಸಾಗಿದೆ ತಾನೆ? ಓಡ್ತಾ ಇದೆ ತಾನೆ? ಸುಮ್ನೆ ಇಲ್ಲದ ಉಸಾಬರಿ ಮೈಮೇಲೆ ಎಳ್ಕೋಬೇಡ. ಬೋರ್ಡು ಹಾಕೋ ಫಿಟ್ಟರು ಬೇರೆ ಊರಲ್ಲಿದ್ದಾನೆ, ನಾಳೆ ಬೆಳಿಗ್ಗೆಗೆ ಮುಂಚೆ ಬರಲ್ಲ. ಅಲ್ಲಿ ತನಕ ಇಡೀ ಬಿಲ್ಡಿಂಗು ಮೆಟ್ಟಿಲು ಹತ್ತಬೇಕಾ, ನಿನ್ನ ಬೆರಳಿಗೆ ಏನೋ ಚುಚ್ಚಿದಂತಾಯ್ತು ಅಂತ?"

"ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನಾನು ಏನು ಮಾಡ್ತಿದ್ದೆ, ಭಾವಾ?"

ಆ ಕಡೆ ಮತ್ತೊಮ್ಮೆ ಕೆಮ್ಮು. ಆಮೇಲೆ, "ಆಯ್ತು, ಬಂದ್ ಮಾಡ್ಸು. ಬೈಗುಳ ಮಾತ್ರ ನೀನೇ ತಿನ್ನು" ಎಂದು ಫೋನಿಟ್ಟರು.

ಬೈಗುಳಕ್ಕೇನು ಬರ? ವಾಚ್‌ಮನ್ ಕೀಲಿ ತಿರುಗಿಸಿ ಲಿಫ್ಟು ನಿಲ್ಲಿಸಿದ. ಮುನಿಯಕ್ಕ ರಟ್ಟಿನ ಮೇಲೆ ಲಿಫ್ಟು ಹತ್ತಬೇಡಿ ಎಂದು ಬರೆದು ಅಂಟಿಸಿ, ಅದರ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ ಕಾರಣ ಹೇಳಿದಳು. ನನ್ನ ಪಟ್ಟಿ ಕೆಟ್ಟಿತ್ತು, ನಾನು ನೋಡಿಕೊಳ್ಳಲಿಲ್ಲ, ಬೋರ್ಡಿಗೆ ಏಟಾಗಿರಬಹುದು. ವಕೀಲರು ಇಂಗ್ಲಿಷಿನಲ್ಲಿ ಗೊಣಗಿದರು. ನೀರಿನ ಕ್ಯಾನಿನವನು ಕ್ಯಾನು ಅಲ್ಲೇ ಕುಕ್ಕಿ, "ನೀವೇ ಹೊತ್ಕೊಂಡು ಹೋಗಿ" ಎಂದು ಹೊರಟೇಬಿಟ್ಟ. ಎಲ್ಲರಿಗಿಂತ ಜೋರು ಅವಳಿಗಳ ಅಪ್ಪನದು. ದಪ್ಪ ಕತ್ತಿನ, ದೊಡ್ಡ ಗಂಟಲಿನ ಮನುಷ್ಯ. "ಏನಾಗಿದೆ ಅಂತಾನೂ ಗೊತ್ತಿಲ್ಲ, ಆಗಿದೆಯೋ ಇಲ್ವೋ ಅದೂ ಗೊತ್ತಿಲ್ಲ, ಬಂದ್ ಮಾಡೋದು ಮಾತ್ರ ಗೊತ್ತು! ತಲೆ ಸರಿ ಇದೆಯೇನ್ರೀ ನಿಮಗೆ?" ತಾತ ಮಾತ್ರ ಕೆಳಗಿನ ಬೆಂಚಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ಮಿಕ್ಕವರ ಬೈಗುಳಕ್ಕಿಂತ ಆ ನೋಟವೇ ಅವಳಿಗೆ ಹೆಚ್ಚು ಚುಚ್ಚಿತು.

ಬಿಸಿಲು ಇಳಿಯುವ ಹೊತ್ತಿಗೆ ಮೇಲಿನಿಂದ ಅವಳಿಗಳ ತಾಯಿಯ ಕೂಗು ಕೇಳಿತು. "ರೀ ಅಮ್ಮಾ, ಬೇಗ ಬನ್ನಿ! ನಿಮ್ಮ ಮಗಳಿಗೆ ನೋವು ಶುರುವಾಗಿದೆ!"

ಎಂಟು ಮಹಡಿ ಹೇಗೆ ಹತ್ತಿದಳೋ ಆ ತಾಯಿಗೇ ಗೊತ್ತಿಲ್ಲ. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಹಣೆಯ ತುಂಬ ಬೆವರು. ಹೊರಗಿನ ಪಡಸಾಲೆಯಲ್ಲಿ ನಾಲ್ಕು ಜನ ಸೇರಿದ್ದರು. ಕೀಲಿ ಹಿಡಿದುಕೊಂಡು ವಾಚ್‌ಮನ್ ಏದುಸಿರು ಬಿಡುತ್ತಾ ಬಂದ.

"ಅಮ್ಮಾ, ಒಂದೇ ಒಂದು ಸಲ ಆನ್ ಮಾಡ್ತೀನಿ. ವಾರದಿಂದ ಓಡಿದ್ದು, ಇದೊಂದು ಸಲ ಓಡಲ್ವಾ? ಕಣ್ಣು ಮುಚ್ಚಿ ಕಣ್ಣು ಬಿಡೋದ್ರೊಳಗೆ ಕೆಳಗಿರ್ತೀವಿ."

ಎಲ್ಲರೂ ಮುನಿಯಕ್ಕನ ಕಡೆ ತಿರುಗಿದರು. ಮಗಳೂ ತಿರುಗಿದಳು. ಓಡುತ್ತದೆ, ಖಂಡಿತ ಓಡುತ್ತದೆ ಅಂತ ಮುನಿಯಕ್ಕನ ಕರುಳೆಲ್ಲ ಕೂಗುತ್ತಿತ್ತು. ಬೆಳಿಗ್ಗೆ ತಾನೇ ಅದರಲ್ಲಿ ಎಷ್ಟು ಸಲ ಹತ್ತಿ ಇಳಿದಿರಲಿಲ್ಲ! ಆದರೆ ಬೆರಳ ತುದಿಯ ಆ ಸಣ್ಣ ಚುಚ್ಚು ಇನ್ನೂ ಅಲ್ಲೇ ಇದ್ದಂತಿತ್ತು.

"ಬೇಡ" ಎಂದಳು. "ಬೇಡಪ್ಪ. ಮೆಟ್ಟಿಲಲ್ಲೇ ಇಳಿಸೋಣ."

"ಇದೇನು ಹಟಾರೀ ನಿಮ್ಮದು!" ಎಂದು ಗರ್ಜಿಸಿದ ಅವಳಿಗಳ ಅಪ್ಪ, ಮರುಕ್ಷಣವೇ ಒಳಗೆ ಹೋಗಿ ಕೈಯಿರುವ ಕುರ್ಚಿಯೊಂದನ್ನು ಎತ್ತಿಕೊಂಡು ಬಂದ. ಬೆಡ್‌ಶೀಟು ಮಡಿಸಿ ಕುರ್ಚಿಗೆ ಸುತ್ತಿ ಬಿಗಿದ. "ಕೂತ್ಕೊಳಮ್ಮ. ನಾನು ಹಿಂದೆ, ವಾಚ್‌ಮನ್ ಮುಂದೆ. ಲಾಯರೇ, ಬರೀ ಮಾತಾಡ್ಬೇಡಿ, ಕಾಲು ಹಿಡೀರಿ!"

ಹೊರಟಿತು ಮೆರವಣಿಗೆ. ತಿರುವು ಬಂದಾಗಲೆಲ್ಲ ಕುರ್ಚಿಯ ಕಾಲು ಕಂಬಿಗೆ ತಗಲುತ್ತಿತ್ತು, ವಕೀಲರು ಅಯ್ಯಯ್ಯೋ ಅನ್ನುತ್ತಿದ್ದರು. ನೋವು ಬಂದಾಗ ಇಳಿಸುವುದು, ಹೋದಾಗ ಎತ್ತುವುದು. ಮುನಿಯಕ್ಕ ಮಗಳ ಕೈ ಹಿಡಿದು ಪಕ್ಕದಲ್ಲೇ ಇಳಿಯುತ್ತಿದ್ದಳು. ಮೂರನೇ ಮಹಡಿಯಲ್ಲಿ ತಾತ ಸಿಕ್ಕರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಅಷ್ಟು ಹೊತ್ತಿಗೆ ಮನೆ ಮುಟ್ಟಿದ್ದರು. ಯಾರೋ ಹೊತ್ತು ತಂದಿಟ್ಟಿದ್ದ ವಾಕರನ್ನು ಗೋಡೆಗೆ ಒತ್ತಿ ಜಾಗ ಬಿಟ್ಟರು. ಮುನಿಯಕ್ಕನ ಹೆಗಲು ತಟ್ಟಿ, "ಹೋಗಮ್ಮ, ಹೋಗು" ಎಂದರು.

ನೋವಿನ ಬಿಡುವಿನಲ್ಲಿ ಮಗಳು ಕೇಳಿದಳು. "ಅಮ್ಮಾ, ಬೋರ್ಡು ನಿಜವಾಗ್ಲೂ ಕೆಟ್ಟಿದೆಯಾ?"

"ಗೊತ್ತಿಲ್ಲ ಕಣೇ."

"ಯಾವಾಗ ಗೊತ್ತಾಗುತ್ತೆ?"

"ಕೈ ಕೊಟ್ಟಾಗಲೇ. ಕೊಡದೇ ಇದ್ರೆ ಯಾವತ್ತೂ ಗೊತ್ತಾಗಲ್ಲ."

"ಹಾಳಾದ್ದು" ಎಂದಳು ಮಗಳು. ಹಲ್ಲು ಕಚ್ಚಿಕೊಂಡೇ ನಕ್ಕಳು. "ಮೆಟ್ಟಿಲು ಇಳಿದ್ರೆ ಹೆರಿಗೆ ಸುಲಭ ಅಂದಿದ್ಯಲ್ಲ. ಸುಳ್ಳಾಗಬೇಕು, ಆಮೇಲೆ ಇದೆ ನಿಂಗೆ!"

ಸುಳ್ಳಾಗಲಿಲ್ಲ. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆರಿಗೆ. ಹೆಣ್ಣು ಮಗು, ತಾಯಿಯೂ ಕ್ಷೇಮ. ಮುನಿಯಕ್ಕ ಎರಡೂ ಕೈ ಚಾಚಿದಾಗ ನರ್ಸು, "ಮುಟ್ಬೇಡಿ! ಮೊದಲು ಕೈ ತೊಳ್ಕೊಂಡು ಬನ್ನಿ" ಎಂದು ಗದರಿಸಿದಳು. ಮುನಿಯಕ್ಕ ಮರುಮಾತಿಲ್ಲದೆ ಹೋಗಿ ಮೊಣಕೈ ತನಕ ತೊಳೆದು ಬಂದಳು.

ಅಳಿಯ ಬಂದು ಸೇರಿದ ಮೇಲೆ ಅವಳು ಕಂಪನಿಗೆ ಹೋದಳು. ಫಿಟ್ಟರು ಮರುದಿನವೇ ಹೊಸ ಬೋರ್ಡು ಹಾಕಿ ಹಳೆಯದನ್ನು ತಂದಿದ್ದ. ಟೆಸ್ಟಿಂಗ್ ಮೇಜಿನ ಮೇಲೆ ಅದು ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಪ್ಯಾಕಿಂಗಿನವಳು, ಇಬ್ಬರು ಫಿಟ್ಟರುಗಳು, ಎಲ್ಲರೂ ಯಾವುದೋ ನೆಪ ಮಾಡಿಕೊಂಡು ಮಹಡಿಗೆ ಬಂದಿದ್ದರು. ಸುದ್ದಿ ಅವಳಿಗಿಂತ ಮೊದಲೇ ಬಂದು ಮುಟ್ಟಿತ್ತು.

ಟೆಸ್ಟಿಂಗಿನವನು ಅವಳ ಮುಖ ನೋಡದೆ ಹೇಳಿದ. "ನಿನ್ನೆಯಿಂದ ಓಡಿಸ್ತಾನೇ ಇದೀನಿ ಅಕ್ಕ. ಒಂದು ಸಲಾನೂ ತಪ್ಪಿಲ್ಲ."

"ಕೇಳಿದ್ಯಾ?" ಎಂದರು ಭಾವ. ಅವರಿಗೆ ಸಿಟ್ಟಿರಲಿಲ್ಲ, ಅವಳ ಮೇಲೆ ಮರುಕವೇ ಇತ್ತು. "ಗಟ್ಟಿಮುಟ್ಟಾಗಿದೆ. ಸುಮ್ನೆ ಹೆದರಿ ಮಗಳನ್ನ ಮೆಟ್ಟಿಲಲ್ಲಿ ಇಳಿಸಿದೆ. ಇರ್ಲಿ, ಆದದ್ದಾಯ್ತು. ಚೀಲಕ್ಕೆ ಹಾಕಿ ಸೀಲ್ ಮಾಡು. ಮುಂದಿನ ವಾರ ಬೇಕಾಗುತ್ತೆ. ನಿನ್ನ ಮಗಳಿಲ್ಲದ ಬಿಲ್ಡಿಂಗಿಗೇ ಹಾಕೋಣ, ನಿಂಗೂ ನಿದ್ದೆ ಬರಲಿ."

ಅದು ಸಮಾಧಾನದ ಮಾತೇ. ಆದರೆ ಮಗಳು ಕೇಳಿದ್ದು ಮುನಿಯಕ್ಕನಿಗೆ ಮತ್ತೆ ಕೇಳಿಸಿತು: ಅವರ ಮನೇಲಿರೋದೇನು ಕಲ್ಲಾ?

ಅವಳು ಮೇಜಿನ ಹತ್ತಿರ ಹೋಗಿ ಕರೆಂಟು ತೆಗೆದಳು, ವೈರು ಬಿಡಿಸಿದಳು. ಪಟ್ಟಿ ಕಟ್ಟಲಿಲ್ಲ. ಬೋರ್ಡಿನ ಅಂಚು ಹಿಡಿಯಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಬರಿಗೈಯನ್ನು ಚಿಪ್‌ಗಳ ನಡುಮಧ್ಯಕ್ಕೆ ಇಟ್ಟು, ಅಂಗೈ ಪೂರ್ತಿ ಒತ್ತಿ ಹಿಡಿದೆತ್ತಿ ಅದನ್ನು ಎದೆಗೆ ಅವಚಿದಳು. ಮೈಮೇಲಿನ ಉಣ್ಣೆಯ ಸ್ವೆಟರಿಗೆ ಒಂದು ಸಲ, ಎರಡು ಸಲ ಗಸಗಸ ಉಜ್ಜಿದಳು. ಒಣ ಗಾಳಿಯಲ್ಲಿ ಚಟಚಟ ಅಂದದ್ದು ಬಾಗಿಲ ತನಕ ಕೇಳಿತು. ಪ್ಯಾಕಿಂಗಿನವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಮುಟ್ಟಿದೀನಿ, ಭಾವಾ" ಎಂದಳು ಮುನಿಯಕ್ಕ. "ಎಲ್ಲರೂ ನೋಡಿದಾರೆ. ಇನ್ನು ಇದು ಯಾರ ಬಿಲ್ಡಿಂಗಿಗೂ ಹೋಗೋ ಹಾಗಿಲ್ಲ."

ಭಾವ ಅವಳನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. ಮೇಜಿನ ಕೆಳಗಿದ್ದ ಗುಜರಿ ಡಬ್ಬಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದರು.